ಕೆನೆ ನೋಡಿ ಹಾಲು ಒಪ್ಪದ ಝೂರಾಕಾನ್

ಕೊಕ್‌ಬೆಲ್ ಕಣಿವೆಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಡಾಂಬರು ತುಂಬಿದ ಟ್ಯಾಂಕರೊಂದು ಏದುಸಿರು ಬಿಡುತ್ತ ಏರು ಹತ್ತಿ ಬಂದು, ತಗಡಿನ ಕೋಣೆಯೊಂದರ ಮುಂದೆ ನಿಲ್ಲುತ್ತದೆ. ಆ ಕೋಣೆಯೇ ರಸ್ತೆಯ ಪ್ರಯೋಗಾಲಯ. ಬಾಗಿಲಲ್ಲಿ ನಿಂತ ಐವತ್ತೆಂಟರ ಹೆಂಗಸು ಝೂರಾಕಾನ್. ಕಣಿವೆಗೆಲ್ಲ ಝೂರಾ ಅಕ್ಕ. ಗುತ್ತಿಗೆದಾರರ ಮೇಸ್ತ್ರಿ ಎಸೆನ್‌ಕುಲ್ ಮಾದರಿಯ ಡಬ್ಬಿಯನ್ನು ತಂದು ಮೇಜಿನ ಮೇಲಿಡುತ್ತಾನೆ.

“ಎಲ್ಲಿಂದ ತೆಗ್ದೆಯೋ?”

“ಟ್ಯಾಂಕಿಂದ್ಲೇ ಅಕ್ಕ, ಇನ್ನೆಲ್ಲಿಂದ?”

“ಟ್ಯಾಂಕಲ್ಲಿ ಎಲ್ಲಿಂದ?”

“ಮೇಲಿನ ಮುಚ್ಚಳ ತೆಗ್ದು…”

“ನಿಮ್ಮಮ್ಮ ಕೆನೆ ತೋರ್ಸಿ ನೀರು ಹಾಲು ಮಾರ್ತಿದ್ಲಾ?”

“ನಮ್ಮಮ್ಮನ ಸುದ್ದಿಗೆ ಬರ್ಬೇಡಿ!”

“ಆಕೆ ಮರ್ಯಾದಸ್ಥೆ, ನಂಗೊತ್ತು. ನೀನು ಯಾರನ್ನ ಹೋಲ್ತೀಯ ಅನ್ನೋದೇ ನನ್ನ ಚಿಂತೆ.”

ಚಿಂತೆಗೆ ಕಾರಣವಿದೆ. ಚಳಿಗಾಲದ ಹಿಮಕ್ಕೂ ಬೇಸಗೆಯ ಬಿಸಿಲಿಗೂ ಬಿರಿಯದಿರಲೆಂದು ಈ ರಸ್ತೆಗೆ ಪಾಲಿಮರ್ ಬೆರೆಸಿದ ಡಾಂಬರನ್ನು ಗೊತ್ತುಮಾಡಿದ್ದಾರೆ. ಅದು ರಬ್ಬರಿನಂತೆ ಹಿಗ್ಗಿ ಮತ್ತೆ ಕುಗ್ಗಬೇಕು. ಸರಿಯಾಗಿ ಬೆಸೆಯದಿದ್ದರೆ ಪಾಲಿಮರ್ ಕೆನೆಯಂತೆ ಮೇಲಕ್ಕೆ ತೇಲುತ್ತದೆ. ಆ ಕೆನೆ ಪರೀಕ್ಷೆಗೆ ಬರುತ್ತದೆ. ತಳದ ಬರಿಯ ಡಾಂಬರು ರಸ್ತೆಗೆ ಬೀಳುತ್ತದೆ. ಇದನ್ನು ಅಜ್ಞಾನವೆಂದು ಕ್ಷಮಿಸುವವರು ಕ್ಷಮಿಸಲಿ. ಈ ಲೇಖನಿಗೆ ಆ ಔದಾರ್ಯವಿಲ್ಲ.

ಝೂರಾಕಾನ್ ತಾನೇ ಬಕೆಟ್ಟು ಹಿಡಿದು ಟ್ಯಾಂಕರಿನ ತಳದ ನಲ್ಲಿಯತ್ತ ನಡೆಯುತ್ತಾಳೆ. ನೂರರುವತ್ತು ಡಿಗ್ರಿಯ ಕರಿ ದ್ರವ. ಆಕೆಯ ಎಡ ಮುಂಗೈಯಲ್ಲಿ ಅಂಥದೇ ಹನಿಗಳು ಬರೆದ ಮೂರು ಕಲೆಗಳಿವೆ. ಕೈಗವಸು ಆಕೆಯ ಸ್ವಂತದ್ದು. ಕೋಣೆಯ ಹೊಗೆ ಎಳೆಯುವ ಫ್ಯಾನು ಕೆಟ್ಟು ನಾಲ್ಕು ವರ್ಷ. ಕೊಟ್ಟ ಅರ್ಜಿಗಳು ಒಂಬತ್ತು. ಇಪ್ಪತ್ತೇಳು ವರ್ಷಗಳಲ್ಲಿ ಆಕೆ ಹಿಗ್ಗಿಸಿ ನೋಡಿದ ಮಾದರಿಗಳು ಹನ್ನೊಂದು ಸಾವಿರ ದಾಟಿವೆ. ರಸ್ತೆ ಉದ್ಘಾಟನೆಯ ಕಲ್ಲಿನಲ್ಲಿ ಹದಿನಾಲ್ಕು ಹೆಸರುಗಳಿವೆ. ಆಕೆಯದಿಲ್ಲ.

ಎರಡೂ ಮಾದರಿಗಳನ್ನು ಹಿತ್ತಾಳೆಯ ಅಚ್ಚಿಗೆ ಸುರಿದು, ಆರಿಸಿ, ನೀರಿನ ತೊಟ್ಟಿಯಲ್ಲಿಟ್ಟು, ಯಂತ್ರಕ್ಕೆ ಸಿಕ್ಕಿಸುತ್ತಾಳೆ. ಎರಡೂ ನಿಧಾನವಾಗಿ ಇಪ್ಪತ್ತು ಸೆಂಟಿಮೀಟರ್ ಹಿಗ್ಗುತ್ತವೆ. ನಡುವೆ ಕತ್ತರಿ. ಇನ್ನು ಒಂದು ಗಂಟೆ ಕಾಯಬೇಕು: ಕತ್ತರಿಸಿದ ಎಳೆ ಎಷ್ಟು ಹಿಂದಕ್ಕೆ ಸರಿಯುತ್ತದೆಂಬುದೇ ತೀರ್ಪು. ನೂರಕ್ಕೆ ಎಪ್ಪತ್ತು ಪಾಲಾದರೂ ಸರಿಯಬೇಕು.

ಚಹಾ, ರೊಟ್ಟಿಯ ನಡುವೆ ಆಕೆ ಹೋದ ವರ್ಷದ ಕಥೆ ಹೇಳುತ್ತಾಳೆ.

“ಸೆಪ್ಟೆಂಬರಲ್ಲಿ ಇದೇ ಥರ ತಂದ್ರು. ಆಗೋಲ್ಲ ಅಂತ ಬರ್ದೆ. ನನ್ನ ಬಿಟ್ಟು ಇನ್ನೊಂದು ಡಬ್ಬಿ ನಗರದ ಲ್ಯಾಬಿಗೆ ಹೋಯ್ತು, ಪಾಸಾಗಿ ಬಂತು. ಅದೂ ಕೆನೇನೇ.”

ಮಾರ್ಚಿಗೆ ಏಳು ಕಿಲೋಮೀಟರ್ ರಸ್ತೆ ಬಿರಿಯಿತು. ಆ ಬಿರುಕಿಗೆ ಚಕ್ರ ಸಿಕ್ಕಿ, ಹೆರಿಗೆಗೆ ಹೊರಟ ಹೆಂಗಸಿದ್ದ ವ್ಯಾನಿನ ಅಚ್ಚು ಮುರಿಯಿತು. ಮಗು ಹಿಮದ ನಡುವೆ, ವ್ಯಾನಿನಲ್ಲೇ ಹುಟ್ಟಿತು. ಇಲ್ಲಿಯವರು ದಾರಿಗೆ ಜೋಲ್ ಎನ್ನುತ್ತಾರೆ. ದಾರಿಯಲ್ಲಿ ಹುಟ್ಟಿದವನಿಗೆ ವಾಡಿಕೆಯಂತೆ ಜೋಲ್ಚುಬೆಕ್ ಎಂದು ಹೆಸರಿಟ್ಟರು. ಊರು ನಕ್ಕಿತು, ಝೂರಾಕಾನ್ ನಗಲಿಲ್ಲ. ಮೇಲಿನವರು ಚಳಿಯನ್ನು ದೂರಿದರು. ಚಳಿ ಈ ಕಣಿವೆಗೆ ನಿನ್ನೆ ಮೊನ್ನೆ ಬಂದ ಹೊಸಬನೇ? ಆಮೇಲೆ ವಿವರಣೆ ಕೇಳಿ ಒಂದೇ ಒಂದು ನೋಟಿಸು ಹೊರಟಿತು, ಝೂರಾಕಾನ್ ಹೆಸರಿಗೆ. ಕಲ್ಲಿನಲ್ಲಿ ಕಾಣದ ಹೆಸರು ನೋಟಿಸಿಗೆ ಎಷ್ಟು ಬೇಗ ಸಿಕ್ಕಿತು!

ಗಂಟೆ ಮುಗಿಯುತ್ತದೆ. ಮೇಲಿನ ಮಾದರಿ: ಎಂಬತ್ತೆರಡು. ತಳದ್ದು: ಮೂವತ್ತೆಂಟು.

ಎಸೆನ್‌ಕುಲ್ ಫೋನು ಹಿಡಿದು ಹೊರಗೆ ಹೋಗಿ, ಮುಖ ಸಣ್ಣದು ಮಾಡಿಕೊಂಡು ಒಳಗೆ ಬರುತ್ತಾನೆ. “ಇನ್ನೊಂದು ಡಬ್ಬಿ ನಗರಕ್ಕೆ ಕಳ್ಸು ಅಂತಿದಾರೆ ಗುತ್ತಿಗೆದಾರ್ರು, ಅಕ್ಕ.”

“ಕಳ್ಸು. ಆದ್ರೆ ಡಬ್ಬಿ ಮೇಲೆ ‘ಮೇಲಿನ ಮುಚ್ಚಳದಿಂದ ತೆಗೆದದ್ದು’ ಅಂತ ನಿನ್ನ ಕೈಯಾರೆ ಬರ್ದು ಸಹಿ ಹಾಕು.”

“ನನ್ನ ಕೆಲಸ ಹೋಗತ್ತೆ.”

“ಹೋಗ್ಬಹುದು.” ಆಕೆ ಬಟ್ಟಲಿಗೆ ಚಹಾ ಸುರಿಯುತ್ತಾಳೆ. “ನಿನ್ನ ಹೆಂಡ್ತಿಗೆ ಈಗೆಷ್ಟು ತಿಂಗಳು?”

“ಐದು.”

“ಅಂದ್ರೆ ಜನವರಿ.”

ಅವನು ಚಹಾ ಮುಟ್ಟದೆ ಎದ್ದುಹೋಗಿ ಚಾಲಕನಿಗೆ ಕೈಬೀಸುತ್ತಾನೆ. ಟ್ಯಾಂಕರು ತಿರುಗಿ, ಬಂದ ಇಳಿಜಾರನ್ನೇ ಹಿಡಿಯುತ್ತದೆ. ನಾಳೆ ಇನ್ನೊಂದು ಬಂದೀತು, ಇನ್ನೊಬ್ಬ ಮೇಸ್ತ್ರಿಯೊಂದಿಗೆ.

ನಿಮಗೇನು ಬೇಕು ಎಂದು ಕೇಳಿದರೆ ಝೂರಾಕಾನ್ ಕತ್ತರಿ ಒರೆಸುತ್ತ ಹೇಳುತ್ತಾಳೆ:

“ಕಲ್ಲಲ್ಲಿ ನನ್ನ ಹೆಸರು ಬೇಡ. ಟ್ಯಾಂಕರಿನ ತಳದ ನಲ್ಲಿಗೆ ಬೀಗ ಹಾಕ್ಸಿ ಬೀಗದ ಕೈ ನನ್ನ ಕೈಗೆ ಕೊಡ್ಲಿ, ಸಾಕು. ಎಸೆನ್‌ಕುಲ್ ಮಗು ಆಸ್ಪತ್ರೇಲಿ ಹುಟ್ಲಿ. ಅದಕ್ಕೆ ಅವರಜ್ಜನ ಹೆಸರಿಡ್ಲಿ.”