ಸಣ್ಣ ಸಿಲಿಂಡರಿನ ಕಾಕಾ

ಕಾಕಾನ ಬಾಯಿಯ ಎರಡೂ ಮೂಲೆಗಳಲ್ಲಿ ಬಿಳಿಚಿಕೊಂಡ ಗಾಯದ ಗುರುತಿತ್ತು. ನೀರೊಳಗೆ ಉಸಿರಾಡಲು ಹಲ್ಲಿನಲ್ಲಿ ಕಚ್ಚಿ ಹಿಡಿಯುವ ರಬ್ಬರಿನ ತುಂಡು ವರ್ಷಗಟ್ಟಲೆ ಉಜ್ಜಿ ಮಾಡಿದ ಗುರುತು ಅದು. ನಕ್ಕರೆ ಅಲ್ಲಿ ಚರ್ಮ ಒಡೆದು ರಕ್ತ ಜಿನುಗುತ್ತಿತ್ತು. ಅದಕ್ಕೇ ಅವರು ನಗುವುದಿಲ್ಲ ಎಂದು ಮೊದಮೊದಲು ತಿಳಿದಿದ್ದೆ. ನಮ್ಮಂಥವರ ನಡುವೆ ನಗುವಂಥದ್ದು ಅವರಿಗೆ ಹೆಚ್ಚೇನೂ ಸಿಕ್ಕಿರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು.

ಅವರು ನನ್ನ ಸಂಬಂಧಿಕರಲ್ಲ. ಎಪ್ಪತ್ತರ ದಶಕದಲ್ಲಿ ಮುದ್ದೇಬಿಹಾಳದ ಕಡೆ ಹೊಳೆಗೆ ಸೇತುವೆ ಕಟ್ಟುವ ಒಂದು ಕೆಲಸ ನಡೆದಿತ್ತು. ಇಂಡಿ ಊರಿನಿಂದ ಬಂದ ನಾನು ಅಲ್ಲಿ ಸ್ಟೋರಿನ ಕಾರಕೂನ. ಕಾಕಾ ಅಲ್ಲಿಯ ಮುಳುಗುಗಾರ. ನಾಲತವಾಡದ ಹತ್ತಿರದ ಹೊಳೆದಂಡೆಯವರು, ಚಿಕ್ಕಂದಿನಲ್ಲೇ ಮುಂಬೈ ಬಂದರಿಗೆ ಹೋಗಿ ಈ ವಿದ್ಯೆ ಕಲಿತು ಬಂದಿದ್ದರು. ಎಲ್ಲರೂ ಕಾಕಾ ಅನ್ನುತ್ತಿದ್ದರು, ನಾನೂ ಅಂದೆ.

ಸೇತುವೆಯ ಕಂಬ ನಿಲ್ಲಿಸಲು ಹೊಳೆಯೊಳಗೆ ಸಿಮೆಂಟಿನ ದೊಡ್ಡ ಬಾವಿ ಕಟ್ಟುತ್ತಾರೆ. ತಳದ ಮಣ್ಣು ತೆಗೆಯುತ್ತ ಹೋದ ಹಾಗೆ ಆ ಬಾವಿ ತನ್ನ ಭಾರಕ್ಕೇ ಕೆಳಗಿಳಿಯುತ್ತದೆ. ನಡುವೆ ಎಲ್ಲೋ ಬಂಡೆಯೋ ಮರದ ದಿಮ್ಮಿಯೋ ಅಂಚಿಗೆ ಸಿಕ್ಕಿ ನಿಂತುಬಿಟ್ಟರೆ ಎಪ್ಪತ್ತಡಿ ನೀರಿನ ಕೆಳಗೆ ಹೋಗಿ ತಡಕಿ ನೋಡುವವರು ಕಾಕಾ ಒಬ್ಬರೇ. ತಡಕಿ ಎಂದೇ ಹೇಳಬೇಕು. ಆ ನೀರಿನಲ್ಲಿ ಕಣ್ಣಿಗೆ ಕೆಲಸವಿರಲಿಲ್ಲ. ಎಣ್ಣೆ, ಕೊಳೆತ ಜೊಂಡು, ಕೂಲಿಗಳು ಮೇಲಿಂದ ಉಗುಳಿದ ತಂಬಾಕು, ಇನ್ನೂ ಹೇಳಬಾರದ್ದು ಎಲ್ಲ ಅದರಲ್ಲೇ ತೇಲುತ್ತಿತ್ತು. ಕೆಳಗೊಬ್ಬ ಮನುಷ್ಯನಿದ್ದಾನೆ ಎಂದು ಗೊತ್ತಿದ್ದೂ ಬಗ್ಗಿ ಉಗುಳುತ್ತಿದ್ದರು.

ಕಾಕಾನ ಬೆನ್ನಿಗೆ ಗಾಳಿ ತುಂಬಿದ ಎರಡು ಸಿಲಿಂಡರ್. ಅವನ್ನು ಅವರು ಎತ್ತಿನ ಜೋಡಿಯ ಹಾಗೆ ನೋಡುತ್ತಿದ್ದರು. ಒಂದು ಉದ್ದ ಒಂದು ಗಿಡ್ಡ ಆಗಕೂಡದು, ತೂಕದಲ್ಲಿ ಹೆಚ್ಚುಕಡಿಮೆ ಆಗಕೂಡದು. ಸ್ಟೋರಿನ ತಕ್ಕಡಿಗೆ ಹಾಕಿ ನನ್ನ ಕೈಯಲ್ಲೇ ತೂಗಿಸುತ್ತಿದ್ದರು. ದಂಡೆಯ ಮೇಲೆ ಯಂತ್ರದಿಂದ ಗಾಳಿ ತುಂಬಿದ ಮೇಲೆ ಸಿಲಿಂಡರಿನ ಬಾಯಿ ಸ್ವಲ್ಪ ಬಿಚ್ಚಿ, ಬರುವ ಗಾಳಿಗೆ ತಮ್ಮ ಬಿಳಿ ಟವೆಲ್ಲು ಹಿಡಿದು, ಮೂಸಿ ನೋಡುತ್ತಿದ್ದರು. ಎಣ್ಣೆಯ ವಾಸನೆ ಬಂದರೆ ಅಷ್ಟೂ ಗಾಳಿಯನ್ನು ಹೊರಗೆ ಬಿಟ್ಟು, "ಮತ್ತ ತುಂಬ್ರಿ" ಅಂದು ಬೇವಿನ ನೆರಳಿಗೆ ಹೋಗಿ ಕೂತುಬಿಡುವರು. ಸಾಹೇಬರು ಗಡಿಯಾರ ನೋಡಿಕೊಂಡು ಹಲ್ಲು ಕಡಿಯುತ್ತಿದ್ದರು.

ಸಾಹೇಬರೆಂದರೆ ಕೆಲಸ ನೋಡಿಕೊಳ್ಳುವ ಇಂಜಿನಿಯರ್. ಒಮ್ಮೆ ಅವರ ಕಡೆಯ ದೊಡ್ಡ ಮನುಷ್ಯರು ಬಸವನ ಬಾಗೇವಾಡಿಯಿಂದ ಜೀಪಿನಲ್ಲಿ ಬಂದರು. ಒಬ್ಬರಿಗೆ ಫೋಟೋ ತೆಗೆಸಿಕೊಳ್ಳುವ ಹುಕಿ. ಎಲೆ ಅಡಿಕೆ ತುಂಬಿದ ಬಾಯಿಯಲ್ಲೇ ಕಾಕಾನ ರಬ್ಬರು ಇಟ್ಟುಕೊಂಡು, ಗಲ್ಲ ಉಬ್ಬಿಸಿ, ಸೊಂಟದ ಮೇಲೆ ಕೈಯಿಟ್ಟು ನಿಂತರು. ತೆಗೆದಾಗ ರಬ್ಬರಿನಿಂದ ಕೆಂಪು ಜೊಲ್ಲು ಎಳೆಯಾಗಿ ಜೋತಿತ್ತು. "ತಗೋಪಾ" ಎಂದು ಹಾಗೇ ಕಾಕಾನ ಕೈಗಿಟ್ಟರು. ಕಾಕಾ ಚಹಾದ ಪಾತ್ರೆಯಲ್ಲಿ ನೀರಿಟ್ಟು ರಬ್ಬರನ್ನು ಮೂರು ಸಲ ಕುದಿಸಿದರು, ಆಮೇಲೆ ಆ ಪಾತ್ರೆಯನ್ನೇ ಹೊಳೆಗೆ ಎಸೆದರು. ಪಾತ್ರೆ ಸ್ಟೋರಿನದು, ಆದರೂ ಆ ದಿನ ಕಾಕಾನ ಮೇಲೆ ನನಗೆ ಬಹಳ ಅಭಿಮಾನ ಬಂತು. ನಾನು ಬೇರೆಯವನು, ಆ ಜೊಲ್ಲಿನ ಬಾಯಿಯ ಜಾತಿಯವನಲ್ಲ ಎಂದು ಹೆಮ್ಮೆಪಟ್ಟೆ. ಎಂಥ ಹೆಮ್ಮೆ.

ಕಾಕಾ ಊಟಕ್ಕೆ ಕೂತರೆ ಒಂದೂವರೆ ರೊಟ್ಟಿ. ಎರಡಲ್ಲ. ತಟ್ಟೆಗೆ ಅಂಗೈ ಅಡ್ಡ ಹಿಡಿದು "ಸಾಕು" ಅಂದರೆ ಮುಗಿಯಿತು. ನಮ್ಮ ಕಡೆ ಹಾಗೆ ಮುಗಿಯುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಸಾಕು ಅನ್ನುವುದು ಉಣ್ಣುವವನ ಮರ್ಯಾದೆ, ಅದನ್ನು ನಂಬದೆ ಬಡಿಸುವುದು ಮನೆಯವರ ಮರ್ಯಾದೆ. ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲಿ ತುಪ್ಪ ಸುರಿಯುವವರು ನಾವು. ನನ್ನ ಚಿಕ್ಕಪ್ಪನ ಮಗಳ ಮದುವೆ ಸಿಂದಗಿಯಲ್ಲಿ ಆಯಿತು. ಕಾಕಾನನ್ನು ಬಿಡದೆ ಕರೆದುಕೊಂಡು ಹೋದೆ. ನಮ್ಮ ಮಾವಂದಿರು ಅವರನ್ನು ಪಂಕ್ತಿಯ ನಡುವೆ ಕೂರಿಸಿ, ಒಬ್ಬ ಕೈ ಹಿಡಿದುಕೊಂಡು, ಇನ್ನೊಬ್ಬ ಹೋಳಿಗೆಯ ಮೇಲೆ ಹೋಳಿಗೆ ಹಾಕಿದರು.

"ಸಾಕ್ರಿ, ಖರೇನ ಸಾಕು" ಅಂದರು ಕಾಕಾ.

"ನಾಚಬ್ಯಾಡ್ರಿ, ನಮ್ಮ ಮನ್ಯಾಗ ಸಾಕು ಅನ್ನೂ ಮಾತಿಲ್ಲ" ಅಂದ ಮಾವ.

ಎಲ್ಲರೂ ನಕ್ಕರು, ನಾನೂ ನಕ್ಕೆ. ಅನ್ನ ಚೆಲ್ಲಲು ಮನಸ್ಸು ಬಾರದೆ ಕಾಕಾ ಅಷ್ಟನ್ನೂ ತಿಂದರು, ಹಂದರದ ಹಿಂದೆ ಹೋಗಿ ಅಷ್ಟನ್ನೂ ಕಾರಿಕೊಂಡರು. ನಾನು ನೀರಿನ ತಂಬಿಗೆ ಹಿಡಿದು ನಿಂತಿದ್ದೆ. ಬಾಯಿ ತೊಳೆದುಕೊಂಡು ಹೇಳಿದರು: "ತಮ್ಮಾ, ನೀರಾಗ ಹಿಂಗಾದ್ರ ರಬ್ಬರ್ ಬಾಯಾಗಿದ್ದಂಗ ಸಾಯ್ತೇನಿ. ಅದಕ್ಕ ಅಳತಿ ಮಾಡಿ ಉಣ್ತೇನಿ. ನಿಮಗ ಮನಷ್ಯಾನ ಮಾತು ಕೇಳಸಂಗಿಲ್ಲೇನು?"

ಕೇಳಿಸಲಿಲ್ಲ. ಅದಾಗಿ ಎರಡು ತಿಂಗಳಿಗೆ ಹಳೆಯ ಸಿಲಿಂಡರುಗಳಿಗೆ ತುಕ್ಕು ಹಿಡಿಯಿತೆಂದು ಹೊಸ ಜೋಡಿ ಮುಂಬೈಯಿಂದ ತರಿಸಬೇಕಾಯಿತು. ಬೇಡಿಕೆಯ ಕಾಗದ ಬರೆಯುವವನು ನಾನು. ಎರಡು ಅಳತೆ ಸಿಗುತ್ತಿದ್ದವು: ಹಳೆಯದರಂಥ ಸಣ್ಣದು, ಅದರ ಎರಡು ಪಟ್ಟು ಗಾಳಿ ಹಿಡಿಯುವ ದೊಡ್ಡದು. ಕಾಕಾನನ್ನು ಕೇಳಿದೆ.

"ಸಣ್ಣವು ಬರಿ. ನನಗ ಸಣ್ಣವು ಸಾಕು."

"ದೊಡ್ಡವೂ ಬರತಾವ್ರಿ ಕಾಕಾ."

"ಸಣ್ಣವು ಸಾಕಂದೆ."

ಪಾಪ, ಸಂಕೋಚದ ಮನುಷ್ಯ, ಕಂಪನಿಗೆ ಭಾರವಾಗಬಾರದು ಅಂತ ಹಾಗಂದರು ಎಂದುಕೊಂಡೆ. ಎಪ್ಪತ್ತಡಿ ಕತ್ತಲೆಯಲ್ಲಿ ಇರುವವರಿಗೆ ಗಾಳಿ ಎಷ್ಟಿದ್ದರೆ ಹೆಚ್ಚು? ಕಾಗದದಲ್ಲಿ ದೊಡ್ಡವು ಎಂದು ಬರೆದೆ. ಬರೆಯುವಾಗ ನನ್ನ ಕಣ್ಣು ತುಂಬಿ ಬಂದಿತ್ತು. ಈಗ ಬರೆಯಲು ನಾಚಿಕೆಯಾಗುತ್ತದೆ, ಆದರೆ ನನ್ನ ಒಳ್ಳೆಯತನಕ್ಕೆ ನಾನೇ ಕರಗಿದ್ದೆ.

ಲಾರಿ ಬಂತು. ಪೆಟ್ಟಿಗೆ ಬಿಚ್ಚಿದೆವು. ಕಾಕಾ ಸಿಲಿಂಡರುಗಳನ್ನು ನೋಡಿದರು, ಮುಟ್ಟಲಿಲ್ಲ.

"ಇವನ್ನ ಯಾರು ಬರದಾರು?"

"ನಾನ್ರಿ. ಗಾಳಿ ಹೆಚ್ಚಿರಲಿ ಅಂತ."

ಅವರು ನನ್ನ ಮುಖವನ್ನೇ ನೋಡಿದರು. ರಬ್ಬರಿನ ಮೇಲೆ ಜೋತಾಡಿದ ಜೊಲ್ಲನ್ನು ನೋಡಿದ್ದು ಇದೇ ನೋಟದಿಂದ.

"ಆಳದಾಗ ಹೊತ್ತು ಹೆಚ್ಚಾದ್ರ ಗಾಳಿ ರಕ್ತದಾಗ ಸೇರತೈತಿ. ಮ್ಯಾಲ ಬಂದ್ರ ಸಂದಿನಾಗ ಗುಳ್ಳಿ ಏಳತಾವು. ನನ್ನ ಜೋಡಿ ಇದ್ದಾಂವ ಒಬ್ಬ ಮುಂಬೈದಾಗ ಸೊಂಟದ ಕೆಳಗ ಸತ್ತು ಕುಂತಾನ. ಸಣ್ಣ ಸಿಲಿಂಡರ್ ಅರ್ಧ ತಾಸಿಗೆ ಮುಗೀತಿತ್ತು. ಮುಗೀತು ಅಂದ್ರ ಯಾವ ಸಾಹೇಬನೂ ಇನ್ನೂ ಇರು ಅನ್ನಂಗಿಲ್ಲ. ಇನ್ನ ಮ್ಯಾಲ ನಾ ಏನ್ ಹೇಳ್ಲಿ?"

ಅಲ್ಲಿಯವರೆಗೂ ಆ ಸಣ್ಣ ಸಿಲಿಂಡರುಗಳೇ ಅವರ ಪರವಾಗಿ ಮಾತಾಡುತ್ತಿದ್ದವು. ಅವುಗಳ ಬಾಯಿಯನ್ನು ನಾನು ಮುಚ್ಚಿಸಿದ್ದೆ. ಸಾಹೇಬರ ಬಳಿ ಓಡಿದೆ, ತಪ್ಪಾಗಿದೆ, ವಾಪಸು ಕಳಿಸೋಣ ಅಂದೆ. ಅವರು ನನ್ನ ಬೆನ್ನು ತಟ್ಟಿದರು. "ಭಾಳ ಚೊಲೊ ಮಾಡೀದಿ. ಎರಡು ದಿನದ ಕೆಲಸ ಒಂದ ದಿನಕ್ಕ ಆಗತೈತಿ" ಅಂದರು. ಆ ಕೈಯನ್ನು ಕೊಡವಿಹಾಕಬೇಕಿತ್ತು. ನಾನು ಹಲ್ಲು ಕಿರಿದೆ.

ಅಂದಿನಿಂದ ಕಾಕಾ ಮೇಲೆ ಬಂದ ಕೂಡಲೇ ಸಾಹೇಬರು ಸಿಲಿಂಡರಿನಲ್ಲಿ ಉಳಿದ ಗಾಳಿ ತೋರಿಸುವ ಮುಳ್ಳು ನೋಡುತ್ತಿದ್ದರು. "ಇನ್ನೂ ಅರ್ಧ ಐತಲ್ಲೋ, ಇಳಿ" ಅನ್ನುತ್ತಿದ್ದರು. ಕಾಕಾ ಒಮ್ಮೆ ಒಪ್ಪಲಿಲ್ಲ, ಆ ವಾರ ಕೆಲಸದಿಂದ ಹೊರಗಿಟ್ಟರು. ಮನೆಯಲ್ಲಿ ತಾಯಿಯಿಲ್ಲದ ಮಗಳು ಒಬ್ಬಳಿದ್ದಳು. ಮರುವಾರ ಇಳಿದರು. ಮೊದಲು ಭುಜ ನೋವು, ಆಮೇಲೆ ಮೊಣಕಾಲು. ಒಂದು ಮಧ್ಯಾಹ್ನ ಏಣಿ ಹತ್ತಿ ಬಂದವರು ದಂಡೆಯಲ್ಲಿ ಕೂತು, ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಪಕ್ಕಕ್ಕಿಟ್ಟುಕೊಂಡರು, ಬೇರೆ ಯಾರದೋ ಸಾಮಾನು ಇಟ್ಟ ಹಾಗೆ. ಆ ಕಾಲು ಮತ್ತೆ ಸರಿಯಾಗಲಿಲ್ಲ. ಕಂಬ ನಿಂತಿತು, ಸಾಹೇಬರಿಗೆ ಹಾರ ಬಿತ್ತು. ಹಾರ ತರಲು ಹೋದವನೂ ನಾನೇ.

ಮುಂದಿನ ವರ್ಷ ಧೈರ್ಯ ಮಾಡಿ ಅವರ ಮನೆಗೆ ಹೋದೆ. ಕಾಕಾ ಹೊರಸಿನ ಮೇಲೆ ಕೂತು ಬಲೆ ಹೆಣೆಯುತ್ತಿದ್ದರು. "ಬಾ ತಮ್ಮಾ, ಉಣ್ಣು" ಅಂದರಷ್ಟೆ. ಮಗಳು ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದಳು. ಬೆಳಗಿನಿಂದ ಬಸ್ಸಿನಲ್ಲಿ ಬಂದಿದ್ದೆ, ಹೊಟ್ಟೆ ಹಸಿದಿತ್ತು. ಒಂದು ರೊಟ್ಟಿ ಆದ ಮೇಲೆ ರೂಢಿಯಂತೆ "ಸಾಕವ್ವಾ" ಅಂದೆ. ಅವಳು ರೂಢಿಯಂತೆ ಇನ್ನೊಂದು ಎತ್ತಿದಳು. ಕಾಕಾ ಬಲೆಯಿಂದ ತಲೆ ಎತ್ತದೆ, "ಸಾಕು ಅಂದಾನಲ್ಲ, ಬಿಡು" ಅಂದರು. ಅವಳು ಬುಟ್ಟಿ ಒಳಗೆ ಒಯ್ದಳು. ಅರೆಹೊಟ್ಟೆಯಲ್ಲಿ ಕೈ ತೊಳೆದೆ. ಅವರು ನನಗೆ ಕೊಟ್ಟ ಶಿಕ್ಷೆ ಅದೊಂದೇ. ಆಮೇಲೆ ಪ್ರತಿ ವರ್ಷ ಹೋದೆ, ಹಸಿವಿದ್ದಷ್ಟು ಕೇಳಿ ಉಂಡೆ.

ಕಾಕಾ ಜ್ವರ ಬಂದು ಮೂರೇ ದಿನದಲ್ಲಿ ತೀರಿಕೊಂಡರು. ಹನ್ನೊಂದನೆಯ ದಿನದ ಊಟಕ್ಕೆ ಹೋದಾಗ ಅಂಗಳದ ತುಂಬ ಪಂಕ್ತಿ. ಒಂದೂವರೆ ರೊಟ್ಟಿಯ ಮನುಷ್ಯನ ಹೆಸರಿನಲ್ಲಿ ಗೋಧಿ ಹುಗ್ಗಿಯ ಕೊಪ್ಪರಿಗೆಗಳು ಖಾಲಿಯಾಗುತ್ತಿದ್ದವು. ಬೇಡವೆಂದವರ ಕೈ ಹಿಡಿದು ಸುರಿಯುತ್ತಿದ್ದರು, "ಕಾಕಾನ ಹೆಸರೀಲೆ ಇನ್ನೊಂದು ಸೌಟು" ಅನ್ನುತ್ತಿದ್ದರು. ಪತ್ರಾವಳಿಗಳಿಂದ ಹುಗ್ಗಿ ಹರಿದು ಮಣ್ಣಿಗೆ ಸೇರಿ ನೊಣ ಮುತ್ತಿತ್ತು. ನನಗೆ ಅಲ್ಲಿಂದ ಎದ್ದು ಓಡಿಹೋಗಬೇಕೆನಿಸಿತು.

ಆಗ ನಮ್ಮ ಸಾಲಿಗೆ ಅವರ ಮಗಳು ಸೌಟು ಹಿಡಿದು ಬಂದಳು. ನಾನು ಎಲೆಗೆ ಅಂಗೈ ಅಡ್ಡ ಹಿಡಿದೆ. "ಸಾಕವ್ವಾ."

ಪಕ್ಕದ ಹಿರಿಯರು ನನ್ನ ಮಣಿಕಟ್ಟಿಗೆ ಕೈ ಹಾಕಿದರು. "ಹಾಕವ್ವಾ, ನಾಚತಾರ."

ಅವಳು ನನ್ನ ಅಂಗೈಯನ್ನೇ ಒಂದು ಗಳಿಗೆ ನೋಡಿದಳು. ದೊಡ್ಡ ಸಿಲಿಂಡರಿನ ಕಾಗದ ಬರೆದದ್ದು ಯಾವ ಕೈಯೆಂದು ಅವಳಿಗೆ ಗೊತ್ತಿತ್ತು.

"ಇಲ್ಲರಿ ಅಜ್ಜಾ, ಅವರು ಸಾಕು ಅಂದಾರ" ಅಂದು ಮುಂದಿನ ಎಲೆಗೆ ಹೋದಳು.

ಅಷ್ಟು ಜನರ ಪಂಕ್ತಿಯಲ್ಲಿ ಅಂದು ಒಬ್ಬನ ಮಾತನ್ನು ನಂಬಿದರು. ಅದು ಅವಳಪ್ಪನ ಮಾತನ್ನು ನಂಬದವನ ಮಾತು.