ಬೆಚ್ಚಗಿಟ್ಟ ಹಗ್ಗ

ಭದ್ರಾವತಿಯಲ್ಲಿ ಹೊಳೆಹೊನ್ನೂರು ರಸ್ತೆಗೆ ತಿರುಗುವ ಕಡೆ ಖಲಂದರ್ ಸಾಬರ ಬ್ಯಾಟರಿ ಅಂಗಡಿ. ಟ್ರ್ಯಾಕ್ಟರಿನದಾಗಲಿ, ಲಾರಿಯದಾಗಲಿ, ಮನೆಯ ಇನ್ವರ್ಟರಿನದಾಗಲಿ, ಸತ್ತ ಬ್ಯಾಟರಿ ಅವರ ಚಾರ್ಜಿಂಗ್ ಹಲಗೆಯ ಮೇಲೆ ಕೂತರೆ ಜೀವ ಪಡೆದೇ ಏಳುತ್ತಿತ್ತು. ಬಾಯಿ ಖಾರ, ಕೆಲಸ ಚೊಕ್ಕ. "ಖಲಂದರ್ ಕೈ ಹಾಕಿದ್ರೆ ಮತ್ತೆ ನೋಡೋ ಹಂಗಿಲ್ಲ" ಎಂದು ಹೊಳೆಹೊನ್ನೂರಿನ ಗದ್ದೆಯವರು ಹೇಳುತ್ತಿದ್ದರು. ಆ ಮಾತಿನ ಬಲದಲ್ಲೇ ಆ ಮನುಷ್ಯ ತಲೆಯೆತ್ತಿ ಓಡಾಡುತ್ತಿದ್ದುದು. ಅಂಥವರ ಒಬ್ಬನೇ ಮಗ ಮುಸ್ತಕೀಮ್, ಜನರನ್ನು ಬೆಟ್ಟ ಹತ್ತಿಸುವ ಕೆಲಸ ಹಿಡಿದ.

ಅದನ್ನು ಕೆಲಸ ಎಂದು ಅಪ್ಪ ಒಪ್ಪಬೇಕಲ್ಲ! "ಹತ್ತಿ ಇಳಿಯೋಕೆ ದುಡ್ಡು ಕೊಡೋನೊಬ್ಬ, ಈಸ್ಕೊಳ್ಳೋನೊಬ್ಬ. ಇಬ್ರಿಗೂ ತಲೆ ಕೆಟ್ಟಿದೆ" ಎಂದು ಗಿರಾಕಿಗಳ ಎದುರೇ ಅನ್ನುತ್ತಿದ್ದರು. ತಾಯಿ ಹಾಜರಾ ಮಾತ್ರ ಮಗನ ಸ್ವೆಟರನ್ನು ಮಡಿಸಿ ಚೀಲಕ್ಕೆ ತುರುಕಿ, ದುವಾ ಓದಿ, ಬಸ್ ಹತ್ತಿಸುತ್ತಿದ್ದಳು. ಕಾಲೇಜಿನಲ್ಲಿದ್ದಾಗ ಎನ್‌ಸಿಸಿ ಶಿಬಿರಕ್ಕೆಂದು ಹಿಮಾಚಲಕ್ಕೆ ಹೋಗಿದ್ದ ಹುಡುಗ ವಾಪಸು ಬಂದ, ಅವನ ಮನಸ್ಸು ಬರಲಿಲ್ಲ. ತರಬೇತಿ ಮುಗಿಸಿ ಗೈಡ್ ಆದ. ಬೇಸಿಗೆಯಲ್ಲಿ ಮತ್ತು ಮಳೆ ಹಿಂದಾದ ಮೇಲೆ ಶಿವಮೊಗ್ಗದ ಗುಂಪುಗಳನ್ನು ಹಿಮಾಲಯಕ್ಕೆ ಕರೆದೊಯ್ಯುತ್ತಿದ್ದ. ನಡುವಿನ ಮಳೆಗಾಲದಲ್ಲಿ ಲಡಾಖಿನಲ್ಲಿ ಬೇರೆಯವರ ಕೈಕೆಳಗೆ ದುಡಿಯುತ್ತಿದ್ದ.

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ಶಾಲೆಯಲ್ಲಿ ಎಲ್ಲರೂ ಬರೆದಿರುತ್ತಾರೆ. ಅಲ್ಲಿಗೆ ಹೋದ ಮೇಲೆ ಅದು ತಿಳಿಯುತ್ತದೆ. ಕುಡಿಯುವ ನೀರಿಗೂ ಹಿಮ ಕರಗಿಸಬೇಕು, ಕುಕ್ಕರ್ ಇಲ್ಲದೆ ಅಕ್ಕಿ ಬೇಯುವುದಿಲ್ಲ, ತಲೆ ಸಿಡಿಯುತ್ತದೆ, ತಿಂದದ್ದು ನಿಲ್ಲುವುದಿಲ್ಲ. ಮನೆಯಲ್ಲಿ ಕುಡಿದ ಲೋಟ ಎತ್ತಿಡದ ದೊಡ್ಡ ಮನುಷ್ಯರು ಅಲ್ಲಿ ಡೇರೆಯೊಳಗೆ ಮುದುರಿ ಮಕ್ಕಳಂತೆ ಅಳುತ್ತಾರೆ. ಮುಸ್ತಕೀಮ್ ಬೆಳಿಗ್ಗೆ ಡೇರೆ ಡೇರೆಗೆ ಚಹಾ ಕೊಡುವ ನೆಪದಲ್ಲಿ ಮುಖ ನೋಡುತ್ತಿದ್ದ. ತುಟಿ ನೀಲಿಗಟ್ಟಿದೆಯೇ, ಮಾತು ತೊದಲುತ್ತಿದೆಯೇ? ಅನುಮಾನ ಬಂದವರನ್ನು ಬೈದಾದರೂ ಕೆಳಗಿಳಿಸುತ್ತಿದ್ದ. ಸಂಜೆ ಕೂತು ಹಗ್ಗವನ್ನು ಇಂಚಿಂಚೂ ಬೆರಳಲ್ಲಿ ಸವರಿ ನೋಡುತ್ತಿದ್ದ. ಚೊಕ್ಕತನದಲ್ಲಿ ಅಪ್ಪನ ಮಗನೇ.

ಆ ಹಗ್ಗ ಅವನ ಸ್ವಂತದ್ದು, ಹೊಸದು. ಮಳೆಗಾಲದಲ್ಲಿ ಲಡಾಖಿಗೆ ಹೋಗುವಾಗ ಅಂಗಡಿಯ ಅಟ್ಟದ ಮೇಲೆ ಇಟ್ಟು ಹೋಗಿದ್ದ. ಒಂದು ದಿನ ಅಪ್ಪನ ಫೋನು ಬಂತು. ಫೋನು ಮಾಡುವವರೇ ಅಲ್ಲ.

"ಅಟ್ಟ ಸೋರ್ತಿತ್ತು ಕಣೋ. ನಿನ್ನ ಹಗ್ಗ ಬೂಷ್ಟು ಹಿಡಿಯೋದ್ರಲ್ಲಿತ್ತು. ಚಾರ್ಜಿಂಗ್ ಹಲಗೆ ಮೇಲ್ಗಡೆ ಮೊಳೆ ಹೊಡ್ದು ನೇತುಹಾಕಿದೀನಿ. ಬೆಚ್ಚಗಿದೆ. ಚಿಂತೆ ಮಾಡ್ಬೇಡ."

ಫೋನಿಟ್ಟ ಮೇಲೂ ಮುಸ್ತಕೀಮ್ ಆ ಮಾತನ್ನೇ ಮೆಲುಕು ಹಾಕಿದ. ಇಷ್ಟು ವರ್ಷ ಬೈದ ಅಪ್ಪ ತನ್ನ ಹಗ್ಗಕ್ಕೆ ಮೊಳೆ ಹೊಡೆದರೆಂದರೆ ಅದೇ ಅವರ ಆಶೀರ್ವಾದ. ಆ ಸಂತೋಷದಲ್ಲಿ ಬುದ್ಧಿ ಓಡಲಿಲ್ಲ. ಹಗ್ಗಕ್ಕೆ ಆಸಿಡ್ ಸೋಕಬಾರದೆಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಚಾರ್ಜಿಗೆ ಹಾಕಿದ ಬ್ಯಾಟರಿಯಿಂದ ಏಳುವ ಆವಿಯೂ ಆಸಿಡ್ಡೇ ಎಂಬುದು ಅವನಿಗೆ ಗೊತ್ತಿರದ ಸಂಗತಿಯೇನಲ್ಲ. ಆದರೆ ಹುಟ್ಟಿದಾಗಿನಿಂದ ಉಸಿರಾಡಿದ ಗಾಳಿಯನ್ನು ಯಾರು ಅನುಮಾನಿಸುತ್ತಾರೆ? ಮಳೆಗಾಲ ಪೂರ್ತಿ ಆ ಹಗ್ಗ ಅಲ್ಲೇ ತೂಗಿತು. ಊರಿಗೆ ಬಂದು ಸವರಿ ನೋಡಿದಾಗ ನುಣುಪಾಗಿತ್ತು, ಬಣ್ಣವೂ ಮಾಸಿರಲಿಲ್ಲ.

ಆ ಸಲದ ಗುಂಪಿನಲ್ಲಿ ಮೂವರು. ಅವರಲ್ಲಿ ಹಾಲೇಶನಿಗೆ ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಟೈಲ್ಸ್ ಅಂಗಡಿ. ಸಕ್ಕರೆ ಕಾಯಿಲೆಗೆ ಡಾಕ್ಟರು ನಡೆಯಲು ಹೇಳಿದ್ದೇ ನೆಪವಾಗಿ ವಿನೋಬನಗರದ ಪಾರ್ಕಿನಿಂದ ಹಿಮಾಲಯದವರೆಗೂ ನಡೆದುಬಂದ ಆಸಾಮಿ. ಮುಸ್ತಕೀಮನ ಜೊತೆ ಅದು ಮೂರನೆಯ ಸಲ. ಡಬ್ಬಿ ತುಂಬ ಕೋಡುಬಳೆ ತಂದು ಎಲ್ಲರಿಗೂ ಹಂಚಿ, "ನಿನ್ನ ಕೈಯಲ್ಲಿ ಹಗ್ಗ ಇದ್ರೆ ನಂಗ್ಯಾಕ್ ಹೆದ್ರಿಕೆ ಮಾರಾಯ" ಎನ್ನುತ್ತಿದ್ದ.

ಶಿಖರ ಮುಟ್ಟಿ ಇಳಿಯುವಾಗ ಒಂದು ಕಡಿದಾದ ಹಿಮಗೋಡೆ. ಉಳಿದಿಬ್ಬರು ತಾವೇ ಇಳಿದು ಮುಂದೆ ಹೋಗಿದ್ದರು. ಹಾಲೇಶನ ಮೊಣಕಾಲು ನಡುಗುತ್ತಿದ್ದುದರಿಂದ ಮುಸ್ತಕೀಮ್ ಅವನ ಸೊಂಟಕ್ಕೆ ಹಗ್ಗ ಕಟ್ಟಿ ಮೇಲಿನಿಂದ ಮೆಲ್ಲಗೆ ಬಿಡತೊಡಗಿದ. "ಇನ್ನೂ ಬಿಡು, ಇನ್ನೂ ಬಿಡು" ಎಂಬ ಕೂಗು ಕೆಳಗಿನಿಂದ ಬರುತ್ತಿತ್ತು. ಇದ್ದಕ್ಕಿದ್ದಂತೆ ಹಗ್ಗ ಹಗುರಾಯಿತು. ಹಾಲೇಶ ಗೋಡೆಯ ಬುಡದಲ್ಲಿದ್ದ ಹಿಮದ ಬಿರುಕಿನೊಳಗೆ ಬಿದ್ದ. ಮುಂದೆ ಹೋಗಿದ್ದವರು ತಿರುಗಿದಾಗ ಕಂಡದ್ದು ಬೀಳುತ್ತಿದ್ದ ಮನುಷ್ಯ ಮಾತ್ರ.

ಮುಸ್ತಕೀಮ್ ಕೈಯಲ್ಲಿ ಉಳಿದ ತುದಿಯನ್ನು ನೋಡಿದ. ಹಗ್ಗ ಹರಿದರೆ ಎಳೆ ಎಳೆಯಾಗಿ ಹರಿಯಬೇಕು. ಇದು ಒಣಹುಲ್ಲಿನ ಹಾಗೆ ಮುರಿದಿತ್ತು. ಉಗುರಿನಿಂದ ಕೆರೆದರೆ ಪುಡಿ ಉದುರಿತು. ಆ ಪುಡಿಯನ್ನು ಅವನು ಮನೆಯಲ್ಲಿ ಕಂಡಿದ್ದ. ಆಸಿಡ್ ಸಿಡಿದ ಅಪ್ಪನ ಅಂಗಿ ಮೇಲ್ನೋಟಕ್ಕೆ ಚೆನ್ನಾಗಿಯೇ ಇರುತ್ತಿತ್ತು, ಅಮ್ಮಿ ಒಗೆದು ಹಿಂಡಿದಾಗ ಕೈಗೇ ಕಿತ್ತು ಬರುತ್ತಿತ್ತು. ಅಲ್ಲೇ, ಆ ಗೋಡೆಯ ನೆತ್ತಿಯ ಮೇಲೆ, ಅವನಿಗೆ ಎಲ್ಲವೂ ಅರ್ಥವಾಯಿತು.

ನೀವಾಗಿದ್ದರೆ ಏನು ಮಾಡುತ್ತಿದ್ದಿರೋ ಗೊತ್ತಿಲ್ಲ. ಅವನ ಕಣ್ಣಿಗೆ ಮೊದಲು ಕಂಡದ್ದು ಅಪ್ಪನ ಮುಖ. ಹಗ್ಗ ಎಲ್ಲಿತ್ತು ಎಂದು ಯಾರಾದರೂ ಕೇಳಿದರೆ ಆ ಮುದುಕ ಎದೆಯುಬ್ಬಿಸಿ ಹೇಳುತ್ತಾರೆ, ನಾನೇ ಬೆಚ್ಚಗೆ ಇಟ್ಟಿದ್ದೆ ಎಂದು. ಆಮೇಲೆ ಯಾರೋ ಅದರ ಅರ್ಥ ಬಿಡಿಸಿ ಹೇಳುತ್ತಾರೆ. ಅದನ್ನು ಕೇಳಿಸಿಕೊಂಡು ಖಲಂದರ್ ಬದುಕುವ ಪೈಕಿ ಅಲ್ಲ. ಮುಸ್ತಕೀಮ್ ಹಿಮ ಕಡಿಯುವ ಕೊಡಲಿಯ ಆಸರೆಯಲ್ಲಿ ಇಳಿದು, ಬೇರೆ ತಂಡದವರ ಹಗ್ಗ ಬೇಡಿ ತಂದು, ಬಿರುಕಿಗೆ ತಾನೇ ಮೊದಲು ಇಳಿದ. ಹಾಲೇಶನಲ್ಲಿ ಉಸಿರಿರಲಿಲ್ಲ. ಅವನ ಹಣೆ ಮುಟ್ಟಿ ಅತ್ತ. ಅಳುತ್ತಲೇ ಸೊಂಟದ ಹಗ್ಗವನ್ನು ಕುಯ್ದು, ತನ್ನ ಬಳಿ ಉಳಿದಿದ್ದ ತುಂಡಿನ ಸಮೇತ ತಳ ಕಾಣದ ಕಡೆಗೆ ಎಸೆದ.

"ಗಂಟು ಸರಿಯಾಗಿ ಹಾಕಿರಲಿಲ್ಲ. ಬಿಚ್ಚಿಕೊಂಡಿತು. ಹಗ್ಗವೂ ನನ್ನ ಕೈಜಾರಿ ಬಿರುಕಿಗೆ ಬಿತ್ತು" ಎಂದು ವಿಚಾರಣೆಯಲ್ಲಿ ಹೇಳಿದ. ಗೈಡ್ ಕೆಲಸ ಅಲ್ಲಿಗೆ ಮುಗಿಯಿತು. ಹಾಲೇಶ ಪೆಟ್ಟಿಗೆಯಲ್ಲಿ ಊರಿಗೆ ಬಂದ, ಮಣ್ಣಾಯಿತು. ಊರವರ ಬಾಯಿಗೆ ಬೀಗ ಹಾಕುವವರು ಯಾರು? ಅಂಗಡಿಗೆ ಬಂದವರೆಲ್ಲ ಖಲಂದರರಿಗೆ ಒಂದೊಂದು ಮಾತು ಕೊಟ್ಟು ಹೋದರು.

"ನಿಜ ಏನು?" ಎಂದು ಅಪ್ಪ ಮಗನನ್ನು ಕೇಳಿದರು.

"ಗಂಟು ತಪ್ಪಿತ್ತು ಅಬ್ಬಾ."

"ಮಳೆಗಾಲ ಪೂರ್ತಿ ಆ ಹಗ್ಗಾನ ಮಗೂನ ನೋಡ್ಕೊಂಡಂಗೆ ನೋಡ್ಕೊಂಡೆನಲ್ಲೋ. ನಿಂಗೆ ಒಂದು ಗಂಟು ನೋಡ್ಕೊಳ್ಳೋಕಾಗ್ಲಿಲ್ವಾ?"

ಮುಸ್ತಕೀಮ್ ತಲೆ ತಗ್ಗಿಸಿದ.

ಹಾಲೇಶನ ಮನೆಗೆ ನೆಂಟರಿಷ್ಟರ ಓಡಾಟ ಕಡಿಮೆಯಾಗಲೆಂದು ಕಾದು, ಒಂದು ಬೆಳಿಗ್ಗೆ ಖಲಂದರ್ ಇಸ್ತ್ರಿ ಅಂಗಿ ತೊಟ್ಟು ಮಗನನ್ನು ಕರೆದುಕೊಂಡು ವಿನೋಬನಗರಕ್ಕೆ ಹೊರಟರು. ಹಾಲೇಶನ ತಂದೆ ಚಂದ್ರಶೇಖರಪ್ಪ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಹಜಾರದಲ್ಲಿ ಕೂತಿದ್ದರು. ಹಾಲೇಶನ ಹೆಂಡತಿ ಪ್ರಿಯದರ್ಶಿನಿ ಒಳಬಾಗಿಲಲ್ಲಿ ನಿಂತಳು.

"ಮೇಷ್ಟ್ರೆ, ನಾನು ಖಲಂದರ್. ಇವನ ಅಪ್ಪ. ಮಾಫಿ ಕೇಳೋಕೆ ಮುಖ ಇಲ್ಲ. ಆದ್ರೂ ಬಂದಿದೀನಿ."

ಚಂದ್ರಶೇಖರಪ್ಪ ಕುರ್ಚಿ ತೋರಿಸಿದರು. ಅವರು ಕೂತ ಮೇಲೆ ಕೇಳಿದರು, "ಹಗ್ಗ ಹಳೇದಿತ್ತು ಅಂತ ಜನ ಅಂತಾರೆ. ಹೌದಾ? ನಂಗೆ ನಿಜ ಗೊತ್ತಾದ್ರೆ ಸಾಕು."

ಖಲಂದರ್ ನೆಟ್ಟಗೆ ಕೂತರು. "ಇಲ್ಲ ಮೇಷ್ಟ್ರೆ, ಅಲ್ಲಾನ ಆಣೆ. ಹೊಸ ಹಗ್ಗ. ಮಳೆಗಾಲದಲ್ಲಿ ನಾನೇ ಜೋಪಾನ ಮಾಡಿದ್ದೆ. ಒಂದು ಹನಿ ನೀರು ತಾಗಿಸಿಲ್ಲ. ನಮ್ದು ಬ್ಯಾಟರಿ ಅಂಗಡಿ, ಅಲ್ಲೇ ಮೇಲ್ಗಡೆ..."

"ಬ್ಯಾಟರಿ ಅಂಗಡೀಲಾ?" ಚಂದ್ರಶೇಖರಪ್ಪ ತಲೆ ಎತ್ತಿದರು. ಅವರ ಹುಬ್ಬು ಗಂಟಿಕ್ಕಿತು. "ಮೇಲ್ಗಡೆ ಅಂದ್ರೆ ಎಲ್ಲಿ?"

ಅಪ್ಪ ಇನ್ನೊಂದು ಮಾತಾಡಿದರೆ ಮುಗಿಯಿತು.

"ಹಗ್ಗದ ಮಾತು ಬಿಡಿ ಸಾರ್" ಎಂದು ಮುಸ್ತಕೀಮ್ ನಡುವೆ ಬಾಯಿ ಹಾಕಿದ. "ನಾನು ಯಾರಿಗೂ ಹೇಳಿಲ್ಲ. ಹಾಲೇಶಣ್ಣ ಇಳೀತಿರೋದನ್ನ ಮೊಬೈಲಲ್ಲಿ ವಿಡಿಯೋ ಮಾಡ್ತಿದ್ದೆ. ಗಂಟಿನ ಕಡೆ ಗಮನ ಇರ್ಲಿಲ್ಲ."

ವಿಡಿಯೋ ಇರಲಿಲ್ಲ. ಚಳಿಗೆ ಸತ್ತ ಮೊಬೈಲು ಚೀಲದ ತಳದಲ್ಲಿತ್ತು. ಆದರೆ ಈ ಕಾಲದಲ್ಲಿ ಈ ಸುಳ್ಳನ್ನು ಯಾರೂ ಸುಳ್ಳೆನ್ನುವುದಿಲ್ಲ. ಪ್ರಿಯದರ್ಶಿನಿ ಬಾಯಿಗೆ ಸೆರಗೊತ್ತಿಕೊಂಡು ಒಳಗೆ ಓಡಿದಳು. ಚಂದ್ರಶೇಖರಪ್ಪ ತಾವು ಕೇಳಿದ ಪ್ರಶ್ನೆಯನ್ನೇ ಮರೆತು, ಹೇಸಿಗೆ ಕಂಡವರಂತೆ ಮುಖ ತಿರುಗಿಸಿದರು.

"ನೀವು ಒಳ್ಳೇ ಮನುಷ್ಯರು" ಎಂದು ಖಲಂದರರ ಕೈ ಹಿಡಿದರು. "ನಿಮ್ಮ ಮೇಲೆ ನಂಗೇನೂ ಇಲ್ಲ. ಇವನು ಮಾತ್ರ ಇನ್ನೊಂದ್ಸಲ ನನ್ನ ಕಣ್ಣಿಗೆ ಬೀಳ್ಬಾರ್ದು."

ಬೀದಿಗೆ ಬಂದ ಮೇಲೆ ಖಲಂದರ್ ಮಗನ ಮುಖ ನೋಡಲಿಲ್ಲ. "ನನ್ನ ಮಗ ಅಂತ ಎಲ್ಲೂ ಹೇಳ್ಕೋಬೇಡ" ಎಂದಷ್ಟೇ ಹೇಳಿ ಒಬ್ಬರೇ ಭದ್ರಾವತಿಯ ಬಸ್ ಹತ್ತಿದರು.

ಮುಸ್ತಕೀಮ್ ಈಗ ಶಿವಮೊಗ್ಗದಲ್ಲೇ ಇದ್ದಾನೆ. ಬಾಡಿಗೆಗೆ ಲಗೇಜ್ ಆಟೋ ಓಡಿಸುತ್ತಾನೆ, ಹಾಲೇಶನ ಅಂಗಡಿಯಿರುವ ಸವಳಂಗ ರಸ್ತೆಯ ಬಾಡಿಗೆ ಬಂದರೆ ಒಲ್ಲೆ ಎನ್ನುತ್ತಾನೆ. ಒಮ್ಮೊಮ್ಮೆ ಹಾಜರಾ ಬುತ್ತಿ ಕಟ್ಟಿಕೊಂಡು ಬಸ್ ಸ್ಟ್ಯಾಂಡಿಗೆ ಬರುತ್ತಾಳೆ. ಬಂದಾಗಲೆಲ್ಲ ಅತ್ತು, "ಒಬ್ಬನ ಜೀವ ಕೈಯಲ್ಲಿಟ್ಕೊಂಡು ವಿಡಿಯೋ ಮಾಡ್ದೆಯಲ್ಲೋ" ಎನ್ನುತ್ತಾಳೆ. ಅವನು ತಪ್ಪಾಯಿತು ಎನ್ನುತ್ತಾನೆ. ತಪ್ಪು ತನ್ನದೂ ಹೌದು ಎಂದು ಅವನಿಗೆ ಗೊತ್ತು. ಗೈಡ್ ತಾನು, ಅಲ್ಲಿ ನೇತುಹಾಕಬೇಡಿ ಎಂದು ಫೋನಿನಲ್ಲೇ ಹೇಳಬೇಕಾದವನು ತಾನು.

"ಅಬ್ಬಾ ಹೇಗಿದಾರೆ?" ಎಂದು ಕೇಳುತ್ತಾನೆ.

"ಅವರಿಗೇನು? ಅಂಗಡಿಗೆ ಹೋಗ್ತಾರೆ, ಊಟ ಮಾಡ್ತಾರೆ, ಮಲಗಿದ್ರೆ ಬೆಳಗಿನ ನಮಾಜಿಗೇ ಏಳೋದು. ನಿನ್ನ ಹೆಸರೆತ್ತಿದ್ರೆ ಮಾತ್ರ ಎದ್ದು ಹೋಗ್ತಾರೆ."

"ನಿದ್ದೆ ಮಾಡ್ತಾರಾ?"

"ಹೇಳಿದ್ನಲ್ಲ, ಮಾಡ್ತಾರೆ."

"ಇನ್ನೊಂದ್ಸಲ ಹೇಳಮ್ಮಿ."