ದೇಸಾಯರ ಸಹಿ

ಕಾರ್ಖಾನೆಗಳಿಗೆ ಸುರಕ್ಷತೆಯ ಸಲಹೆ ಕೊಡುವುದು ನನ್ನ ಕೆಲಸ. ಈಚೆಗೆ ಪುಣೆ ಜಿಲ್ಲೆಯ ಕುರಕುಂಭದ ಸಣ್ಣದೊಂದು ರಾಸಾಯನಿಕ ಕಾರ್ಖಾನೆಗೆ ಹೋಗಿದ್ದೆ. ಮಾಲೀಕರಾದ ದೇಸಾಯರು ಧಾರವಾಡದವರು. ನಿಯಮ ಸಡಿಲಿಸುವ ಹೊಸ ಕಾಯ್ದೆಯಿಂದಾಗಿ ಅವರ ಬಾಯ್ಲರ್ ನೋಡಲು ಇನ್ನು ಸರ್ಕಾರಿ ಇನ್‌ಸ್ಪೆಕ್ಟರ್ ಬರಬೇಕಿಲ್ಲ. ಎಲ್ಲ ಸರಿಯಿದೆ ಎಂದು ಮಾಲೀಕರೇ ಸಹಿ ಹಾಕಿದರೆ ಸಾಕು. ಖುಷಿಯಾಗಿರಬೇಕು ಎಂದುಕೊಂಡೆ. ಆದರೆ ಅವರು ಸಹಿ ಹಾಕಬೇಕಾದ ಕಾಗದವನ್ನು ಪಕ್ಕಕ್ಕೆ ಸರಿಸಿದರು.

"ಇನ್‌ಸ್ಪೆಕ್ಟರ್ ಕಾಟ ತಪ್ಪಿದ್ರ ಸಾಕು ಅಂತಿದ್ದೆ. ಆದ್ರ ಅವ್ರು ಸಹಿ ಹಾಕಿದ್ರ ನನಗ ನಿದ್ದಿ ಬರ್ತಿತ್ರಿ. ಈಗ ನಾನ ಹಾಕ್ಬೇಕಂದ್ರ ಕೈ ಏಳವಲ್ದು."

"ಏನರ ಸಂಶಯ ಅದ ಏನ್ರಿ?" ಎಂದೆ.

"ಸೇಫ್ಟಿ ವಾಲ್ವ್ ಆಗಾಗ ಜಾಮ್ ಆಗ್ತದ್ರಿ," ಎಂದರು.

ಅದು ಜಾಮ್ ಆದರೆ ಹೆಚ್ಚಾದ ಉಗಿ ಹೊರಹೋಗದೆ ಬಾಯ್ಲರ್ ಸಿಡಿಯಬಹುದು. ಅಂದೇ ಬಾಯ್ಲರ್ ನಿಲ್ಲಿಸಿ ವಾಲ್ವ್ ಬದಲಿಸಿದರು. ಆಮೇಲೆ ಸಹಿ ಹಾಕಿದರು.

ಹೊಸ ಕಾಯ್ದೆ ಒಳ್ಳೆಯದೇ ಎಂದು ಈಗ ಯಾರಾದರೂ ಕೇಳಿದರೆ, ಸಹಿ ಹಾಕುವ ಮಾಲೀಕರು ಎಂಥವರು ಎಂದು ತಿರುಗಿ ಕೇಳುತ್ತೇನೆ.